ಇಫ್ತೆಖಾರ್ ಸಾಹೇಬರ ಚಿಕ್ಕ ಪಾತ್ರಗಳು

ಹಳೆಯ ಹಿಂದಿ ಸಿನಿಮಾ ನೋಡುವ ಮನೆಗಳಲ್ಲಿ ಈ ಮುಖ ಗೊತ್ತಿಲ್ಲದವರು ಇಲ್ಲ. ಹಿಂದಕ್ಕೆ ಬಾಚಿದ ಕೂದಲು, ಪೊಲೀಸ್ ಸಮವಸ್ತ್ರ ಅಥವಾ ಸೂಟು, ಎಂದೂ ಕೂಗದ ದನಿ. ಮೇಜಿನ ಹಿಂದೆ ಕುಳಿತು ಫೈಲು ನೋಡುತ್ತಾರೆ, ಎರಡು ಮಾತಾಡುತ್ತಾರೆ, ಹೋಗುತ್ತಾರೆ. ಹೆಸರೇನು ಎಂದು ಕೇಳಿ ನೋಡಿ, ಹೆಚ್ಚಿನವರು ಕಮಿಷನರ್ ಪಾತ್ರ ಮಾಡ್ತಾರಲ್ಲ, ಅವರೇ ಎನ್ನುತ್ತಾರೆ. ನಮ್ಮ ಮನೆಯಲ್ಲೂ ಬಹಳ ದಿನ ಅವರು ಕಮಿಷನರ್ ಸಾಬ್ ಆಗಿಯೇ ಇದ್ದರು. ಹೆಸರು ಹೇಳಿಕೊಟ್ಟವರು ನನ್ನ ದಾದಾ. ಇಫ್ತೆಖಾರ್.

ಉರ್ದು ಬಲ್ಲವರಿಗೆ ಈ ಪದದ ಅರ್ಥ ಹೇಳಬೇಕಾಗಿಲ್ಲ. ಉಳಿದ ಗೆಳೆಯರಿಗಾಗಿ ಹೇಳುತ್ತೇನೆ: ಹೆಮ್ಮೆ, ಗೌರವ ಎಂದರ್ಥ. ಫಕ್ರ್ ಎಂಬ ಮಾತೂ ಇದೇ ಬೇರಿನಿಂದ ಬಂದದ್ದು. ಇಂಥ ಹೆಸರಿಟ್ಟುಕೊಂಡವರು ಸುಮಾರು 50 ವರ್ಷ, 400ಕ್ಕಿಂತ ಹೆಚ್ಚು ಚಿತ್ರಗಳಲ್ಲಿ, ಬಹುತೇಕ ಚಿಕ್ಕ ಚಿಕ್ಕ ಪಾತ್ರಗಳನ್ನೇ ಮಾಡಿದರು. ಅವರ ಬಗ್ಗೆ ಬರೆಯಬೇಕು ಅನ್ನಿಸಿದ್ದು ಅದಕ್ಕೇ. ನಮ್ಮ ಪತ್ರಿಕೆಯಲ್ಲಿ ವಿಜ್ಞಾನಿಗಳ, ಸ್ವಾತಂತ್ರ್ಯ ಹೋರಾಟಗಾರರ ಜೀವನ ಬರುತ್ತಿರುತ್ತದೆ. ಸಿನಿಮಾದವರ ಜೀವನ ಏಕೆ ಎಂದು ಕೆಲವರು ಕೇಳಬಹುದು. ಓದಿ ನೋಡಿ, ಆಮೇಲೆ ಹೇಳಿ.

1920ರ ದಶಕದಲ್ಲಿ ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದ ಅವರ ಪೂರ್ಣ ಹೆಸರಿನಲ್ಲಿ ಅಹ್ಮದ್ ಶರೀಫ್ ಕೂಡ ಇತ್ತು. ನಾಲ್ವರು ಅಣ್ಣತಮ್ಮಂದಿರು, ಒಬ್ಬ ತಂಗಿ ಇದ್ದ ಮನೆ, ಇವರೇ ಹಿರಿಯರು. ಮೆಟ್ರಿಕ್ ಮುಗಿಸಿ ಲಖನೌದ ಕಲಾಶಾಲೆಗೆ ಹೋಗಿ ಚಿತ್ರಕಲೆಯಲ್ಲಿ ಡಿಪ್ಲೊಮಾ ಪಡೆದರು. ಅಂದರೆ ಓದಿನಿಂದ ಅವರು ಪೇಂಟರ್. ಮನಸ್ಸು ಮಾತ್ರ ಹಾಡಿನ ಕಡೆಗಿತ್ತು. ಆಗ ದೇಶವೆಲ್ಲ ಕೆ. ಎಲ್. ಸೈಗಲ್ ಹಾಡಿಗೆ ಮರುಳಾಗಿದ್ದ ಕಾಲ. ಸೈಗಲ್ ಅವರ ಮನೆಯೂ ಜಲಂಧರ್‌ನಲ್ಲೇ ಇತ್ತು. 1947ರ ಜನವರಿಯಲ್ಲಿ ಅವರು ತೀರಿಕೊಂಡದ್ದೂ ಅಲ್ಲೇ. ಊರಿನವರೇ ಒಬ್ಬರು ಅಷ್ಟು ದೊಡ್ಡ ಗಾಯಕರಾಗಿರುವಾಗ ಒಬ್ಬ ಹುಡುಗನಿಗೆ ನಾನೂ ಯಾಕಾಗಬಾರದು ಅನ್ನಿಸುವುದು ಸಹಜ.

ಇಪ್ಪತ್ತರ ಆಸುಪಾಸಿನಲ್ಲಿ ಅವರು ಕಲ್ಕತ್ತೆಗೆ ಹೊರಟರು. ಎಚ್‌ಎಂವಿ ಗ್ರಾಮಫೋನ್ ಕಂಪನಿಯಲ್ಲಿ ಸಂಗೀತ ನಿರ್ದೇಶಕ ಕಮಲ್ ದಾಸ್‌ಗುಪ್ತ ಹೊಸ ಗಾಯಕರ ದನಿ ಪರೀಕ್ಷೆ ಮಾಡುತ್ತಿದ್ದರು. ಇಫ್ತೆಖಾರ್ ಹಾಡಿದರು. ದಾಸ್‌ಗುಪ್ತರಿಗೆ ಹಾಡಿಗಿಂತ ಹಾಡುತ್ತಿದ್ದವನ ನಿಲುವು, ಗಾಂಭೀರ್ಯ ಹಿಡಿಸಿತು. ಸಿನಿಮಾ ಕಂಪನಿಯೊಂದಕ್ಕೆ ಇವನನ್ನು ನಟನಾಗಿ ತೆಗೆದುಕೊಳ್ಳಿ ಎಂದು ಶಿಫಾರಸು ಮಾಡಿ ಕಳಿಸಿದರು. ಹೋದದ್ದು ಒಂದಕ್ಕೆ, ಸಿಕ್ಕಿದ್ದು ಇನ್ನೊಂದು. 1944ರಲ್ಲಿ ‘ತಕ್ರಾರ್’ ಎಂಬ ಚಿತ್ರದಿಂದ ನಟನೆ ಶುರುವಾಯಿತು. ಕಲ್ಕತ್ತೆಯಲ್ಲೇ ಒಬ್ಬ ಯಹೂದಿ ಹೆಣ್ಣುಮಗಳನ್ನು ಮದುವೆಯಾದರು, ಇಬ್ಬರು ಹೆಣ್ಣುಮಕ್ಕಳಾದರು. ಹಾಡುಗಾರನಾಗುವ ಆಸೆ ಅಲ್ಲಿಗೆ ಮುಗಿಯಿತು.

ಇಲ್ಲಿಂದ ಮುಂದಿನದ್ದನ್ನು ಬರೆಯುವುದು ನನಗೆ ಸ್ವಲ್ಪ ಕಷ್ಟ. 1946ರ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ನಡೆದ ಗಲಭೆಯ ಬಗ್ಗೆ ನಾವೆಲ್ಲ ಇತಿಹಾಸದ ಪಾಠದಲ್ಲಿ ಓದಿದ್ದೇವೆ. ಮರುವರ್ಷ ದೇಶ ಎರಡಾಯಿತು. ಇಫ್ತೆಖಾರ್ ಅವರ ತಂದೆ ತಾಯಿ, ಒಡಹುಟ್ಟಿದವರು, ಹತ್ತಿರದ ನೆಂಟರು ಪಾಕಿಸ್ತಾನಕ್ಕೆ ಹೋದರು. ಹಿರಿಯ ಮಗ ಇಲ್ಲೇ ಉಳಿದರು. ತಮ್ಮಂದಿರಲ್ಲೊಬ್ಬರು ಆಮೇಲೆ ಪಾಕಿಸ್ತಾನದ ಟಿವಿಯಲ್ಲಿ ನಟರಾದರಂತೆ. ಅಣ್ಣ ಇಲ್ಲಿನ ಪರದೆಯ ಮೇಲೆ, ತಮ್ಮ ಅಲ್ಲಿನ ಪರದೆಯ ಮೇಲೆ. ನಮ್ಮ ಮನೆಯಿಂದ ಯಾರೂ ಹೋದವರಿಲ್ಲ, ಹಾಗಾಗಿ ಈ ಅಗಲಿಕೆ ನನಗೆ ಪುಸ್ತಕದ ವಿಷಯ. ಆದರೆ ಅಮ್ಮಿ, ಅಬ್ಬಾ, ತಮ್ಮ, ತಂಗಿ ಎಲ್ಲರೂ ಒಂದು ಕಡೆ ಹೊರಟು ನಿಂತಾಗ, ಕೈಯಲ್ಲಿ ಗಟ್ಟಿ ಕೆಲಸವೂ ಇಲ್ಲದ ಒಬ್ಬ ಯುವಕ ನಾನು ಬರುವುದಿಲ್ಲ ಎನ್ನಬೇಕಾದರೆ ಮನಸ್ಸು ಎಷ್ಟು ಗಟ್ಟಿ ಮಾಡಿಕೊಂಡಿರಬೇಕು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಲ್ಕತ್ತೆಯಲ್ಲೂ ಉಳಿಯಲು ಆಗಲಿಲ್ಲ. ಗಲಭೆಗಳ ದೆಸೆಯಿಂದ ಹೆಂಡತಿ, ಮಕ್ಕಳನ್ನು ಕರೆದುಕೊಂಡು ಬೊಂಬಾಯಿಗೆ ಬಂದರು.

ಬೊಂಬಾಯಿಯಲ್ಲಿ ಗೊತ್ತಿದ್ದ ದೊಡ್ಡ ಹೆಸರು ಅಶೋಕ್ ಕುಮಾರ್ ಅವರದು. ಕಲ್ಕತ್ತೆಯಲ್ಲಿ ಒಮ್ಮೆ ಪರಿಚಯವಾಗಿತ್ತು. ಆ ಪರಿಚಯವನ್ನೇ ಹಿಡಿದುಕೊಂಡು ಹೋದಾಗ ಬಾಂಬೆ ಟಾಕೀಸ್‌ನವರ ‘ಮುಕದ್ದರ್’ (1950) ಚಿತ್ರದಲ್ಲಿ ಒಂದು ಪಾತ್ರ ಸಿಕ್ಕಿತು. ಮುಕದ್ದರ್ ಎಂದರೆ ಹಣೆಬರಹ. ಅಶೋಕ್ ಕುಮಾರ್ ಜತೆಗಿನ ಸ್ನೇಹ ಕೊನೆಯವರೆಗೂ ಉಳಿಯಿತು. ಅದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಅಶೋಕ್ ಕುಮಾರ್‌ಗೆ ಚಿತ್ರ ಬಿಡಿಸುವ ಹುಚ್ಚು ಹತ್ತಿದಾಗ ಅವರಿಗೆ ಗುರುವಾದವರು ಇಫ್ತೆಖಾರ್. ಸೆಟ್ಟಿನಲ್ಲಿ ಒಬ್ಬರು ಹೀರೊ, ಇನ್ನೊಬ್ಬರು ಪೋಷಕ ನಟ. ಬಣ್ಣ, ಕುಂಚ ಮುಂದಿಟ್ಟುಕೊಂಡು ಕುಳಿತಾಗ ಲೆಕ್ಕ ತಿರುಗಾಮುರುಗಾ.

ಹೆಸರಿನ ವಿಷಯಕ್ಕೆ ಮತ್ತೊಮ್ಮೆ ಬರುತ್ತೇನೆ. ಆ ಕಾಲದಲ್ಲಿ ಚಿತ್ರರಂಗಕ್ಕೆ ಬಂದವರಲ್ಲಿ ಹೆಸರು ಬದಲಿಸಿಕೊಂಡವರು ತುಂಬ ಜನ. ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು. ಮುಮ್ತಾಜ್ ಜಹಾನ್ ಮಧುಬಾಲಾ, ಮಹಜಬೀನ್ ಮೀನಾ ಕುಮಾರಿ, ಹಮೀದ್ ಅಲಿ ಖಾನ್ ಅಜಿತ್, ಬದ್ರುದ್ದೀನ್ ಜಾನಿ ವಾಕರ್. ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶ ಅಲ್ಲ. ಮಾರುಕಟ್ಟೆಗೆ ತಕ್ಕ ಹೆಸರು ಬೇಕು ಎಂಬುದು ಕಾಮರ್ಸ್ ಓದುವ ನಮಗೆ ಹೊಸದಲ್ಲ. ಆದರೆ ಇಫ್ತೆಖಾರ್ ಬದಲಿಸಲಿಲ್ಲ. ಚಿತ್ರದ ಆರಂಭದಲ್ಲಿ ನಟರ ಹೆಸರು ಬರುವಾಗ, ಹೀರೊ ಹೀರೊಯಿನ್ ಆದ ಮೇಲೆ, ಎಲ್ಲೋ ನಡುವೆ, ಆ ಒಂದೇ ಒಂದು ಪದ ಬರುತ್ತದೆ.

ಹೆಸರು ತಮ್ಮದೇ ಇಟ್ಟುಕೊಂಡು ಪಾತ್ರಗಳಲ್ಲಿ ಯಾರು ಯಾರಾದರು ನೋಡಿ. ‘ತೀಸ್ರಿ ಕಸಮ್’ (1966) ಚಿತ್ರದಲ್ಲಿ ನೌಟಂಕಿಯ ಹೀರಾಬಾಯಿಯನ್ನು ದುಡ್ಡಿನಿಂದ ಕೊಳ್ಳಲು ಬರುವ ಠಾಕೂರ್ ವಿಕ್ರಮ್ ಸಿಂಗ್. ‘ಇತ್ತೆಫಾಕ್’ (1969) ಚಿತ್ರದಲ್ಲಿ ಮರಾಠಿ ಇನ್‌ಸ್ಪೆಕ್ಟರ್ ಕರ್ವೆ. ‘ದೀವಾರ್’ (1975) ಚಿತ್ರದಲ್ಲಿ ಮುಲ್ಕ್‌ರಾಜ್ ದಾವರ್. ‘ಡಾನ್’ (1978) ಚಿತ್ರದಲ್ಲಿ ಕ್ರೈಸ್ತ ಅಧಿಕಾರಿ ಡಿಎಸ್‌ಪಿ ಡಿಸಿಲ್ವ. ನಮ್ಮ ತರಗತಿಯ ಹಾಜರಿ ಪುಸ್ತಕ ಓದಿದಂತೆ ಆಗುತ್ತದೆ. ಪೊಲೀಸ್ ಟೋಪಿ ಹಾಕಿಕೊಂಡು ಇಫ್ತೆಖಾರ್ ಕುರ್ಚಿಯಲ್ಲಿ ಕುಳಿತರೆ ಕಾನೂನು ಬಂದು ಕುಳಿತಿದೆ ಎಂದು ಇಡೀ ಥಿಯೇಟರ್ ನಂಬುತ್ತಿತ್ತು. ಈ ನಂಬಿಕೆ ಸುಮ್ಮನೆ ಬರುವುದಿಲ್ಲ.

‘ಇತ್ತೆಫಾಕ್’ ಬಗ್ಗೆ ಸ್ವಲ್ಪ ಹೇಳಬೇಕು. ಯಶ್ ಚೋಪ್ರಾ ನಿರ್ದೇಶಿಸಿದ ಈ ಚಿತ್ರಕ್ಕೆ ಗುಜರಾತಿ ನಾಟಕವೊಂದು ಆಧಾರ. ಒಂದೇ ರಾತ್ರಿಯ ಕಥೆ, ಹಾಡು ಒಂದೂ ಇಲ್ಲ. ರಾಜೇಶ್ ಖನ್ನಾ ಇದರಲ್ಲಿ ಹೆಂಡತಿಯನ್ನು ಕೊಂದ ಆರೋಪ ಹೊತ್ತ ಪೇಂಟರ್. ಅವನನ್ನು ಹುಡುಕಿಕೊಂಡು ಬರುವ ಇನ್‌ಸ್ಪೆಕ್ಟರ್ ಇಫ್ತೆಖಾರ್. ನಿಜವಾದ ಪೇಂಟರ್ ಲಾಠಿ ಹಿಡಿದಿದ್ದಾರೆ, ಬಣ್ಣ ಗೊತ್ತಿಲ್ಲದವರು ಕುಂಚ ಹಿಡಿದಿದ್ದಾರೆ ಎಂದು ನೆನಪಾದಾಗ ನನಗೆ ನಗು ಬಂತು. ಹಾಡಿಲ್ಲದ ಚಿತ್ರದಲ್ಲಿ ಪ್ರೇಕ್ಷಕರನ್ನು ಹಿಡಿದಿಡಲು ಇರುವುದು ಅನುಮಾನ ಒಂದೇ. ಕರ್ವೆ ಸುಮ್ಮನೆ ಕೋಣೆಯಲ್ಲಿ ಸುತ್ತಾಡಿ ಒಂದೊಂದು ವಸ್ತುವನ್ನೂ ನೋಡುವ ರೀತಿಯಿಂದಲೇ ನಮಗೂ ಅನುಮಾನ ಹುಟ್ಟುತ್ತದೆ. ಕೊಲೆ ಮಾಡಿದ್ದು ಯಾರೆಂದು ಹೇಳುವುದಿಲ್ಲ, ನೋಡದವರು ನೋಡಲಿ.

ಈಗ ‘ದೀವಾರ್’. ಸಲೀಂ–ಜಾವೇದ್ ಬರೆದ ಈ ಚಿತ್ರದಲ್ಲಿ ದಾವರ್ ಕಳ್ಳಸಾಗಣೆ ಮಾಡುವವನು, ಅಂದರೆ ಕೆಟ್ಟವನೇ. ಬೀದಿಯಲ್ಲಿ ಬೂಟ್ ಪಾಲಿಶ್ ಮಾಡುವ ಹುಡುಗನ ಮುಂದೆ ದಾವರ್‌ನ ಜತೆಗಾರ ಹಣ ಎಸೆಯುತ್ತಾನೆ. ಹುಡುಗ ಎತ್ತಿಕೊಳ್ಳುವುದಿಲ್ಲ. ತಾನು ಪಾಲಿಶ್ ಮಾಡಿದ್ದೇನೆ, ಭಿಕ್ಷೆ ಬೇಡಿಲ್ಲ, ಕೈಗೆ ಕೊಡಿ ಎನ್ನುತ್ತಾನೆ. ಆಗ ದಾವರ್ ಹಣ ಎತ್ತಿ ಹುಡುಗನ ಕೈಗೆ ಕೊಡಿಸುತ್ತಾನೆ. ಈ ಹುಡುಗ ಜೀವನವೆಲ್ಲ ಬೂಟ್ ಒರೆಸುವವನಲ್ಲ ಎಂದು ಜತೆಗಾರನಿಗೆ ಹೇಳಿ ಹೊರಡುತ್ತಾನೆ. ವರ್ಷಗಳಾದ ಮೇಲೆ ಅದೇ ಹುಡುಗ ಅಮಿತಾಭ್ ಬಚ್ಚನ್ ಆಗಿ, ಬಂದರಿನ ಕೂಲಿಯಾಗಿ, ದಾವರ್ ಮುಂದೆ ಬಂದು ನಿಲ್ಲುತ್ತಾನೆ. ದಾವರ್ ನೋಟಿನ ಕಟ್ಟನ್ನು ಮೇಜಿನ ಮೇಲೆ ಎಸೆಯುತ್ತಾನೆ. ಎಸೆದ ಹಣವನ್ನು ತಾನು ಇವತ್ತೂ ಎತ್ತುವುದಿಲ್ಲ ಎಂಬ ಉತ್ತರ ಬರುತ್ತದೆ.

ಎಲ್ಲರೂ ಆಗ ಅಮಿತಾಭ್ ಮುಖ ನೋಡುತ್ತಾರೆ. ಮುಂದಿನ ಸಲ ನೋಡುವಾಗ ಇಫ್ತೆಖಾರ್ ಮುಖ ನೋಡಿ. ಆ ಹುಡುಗನೇ ಈತ ಎಂದು ಗುರುತು ಹತ್ತುವುದು, ಖುಷಿಯಾಗುವುದು, ತನ್ನ ಅಂದಾಜು ನಿಜವಾಯಿತಲ್ಲ ಎಂಬ ಹೆಮ್ಮೆ, ಎಲ್ಲ ಕೆಲವೇ ಕ್ಷಣಗಳಲ್ಲಿ ಆ ಮುಖದಲ್ಲಿ ಹಾದುಹೋಗುತ್ತವೆ. ಅವರು ಅಲ್ಲಿ ಸರಿಯಾಗಿ ಕೇಳಿಸಿಕೊಳ್ಳದೆ ಹೋಗಿದ್ದರೆ ಅಮಿತಾಭ್ ಮಾತಿಗೆ ಅರ್ಧ ಬಲವೂ ಇರುತ್ತಿರಲಿಲ್ಲ. ನಮ್ಮ ಅಬ್ಬಾ ರೇಷ್ಮೆ ನೂಲು ತೆಗೆಯುವ ಕೆಲಸದವರು. ಗೂಡು ಬೇಯಿಸಿ ಎಳೆ ಹಿಡಿದುಕೊಡುವವನ ಕೈ ಸರಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಗೂಡಾದರೂ ನೂಲು ತುಂಡು ತುಂಡಾಗುತ್ತದೆ ಎನ್ನುತ್ತಿರುತ್ತಾರೆ. ಸೀರೆ ಉಡುವವರಿಗೆ ಆ ಕೈ ಯಾರದೆಂದು ಗೊತ್ತಿರುವುದಿಲ್ಲ.

ಅದೇ 1975ರ ಆಗಸ್ಟ್ 15ಕ್ಕೆ ‘ಶೋಲೆ’ ಬಂತು. ನಾವು ರಾಮನಗರದವರು, ಈ ಚಿತ್ರವನ್ನು ನಮ್ಮೂರಿನದೇ ಎಂದು ಹೇಳಿಕೊಳ್ಳುವ ಹಕ್ಕು ನಮಗಿದೆ. 1973ರ ಕೊನೆಯಿಂದ ಇಲ್ಲಿನ ಬಂಡೆಗಳ ನಡುವೆ ರಾಮಗಢ ಎಂಬ ಹಳ್ಳಿಯನ್ನೇ ಕಟ್ಟಿ ಶೂಟಿಂಗ್ ಮಾಡಿದರು. ದಾದಾ ಆಗ ಹುಡುಗ. ಕೆಲಸ ಬಿಟ್ಟು ಬೆಟ್ಟದ ಕಡೆ ಓಡಿ, ಕುದುರೆಗಳನ್ನೂ ಧೂಳನ್ನೂ ನೋಡಿ ಬಂದು ಮನೆಯಲ್ಲಿ ಬೈಸಿಕೊಂಡವರು. ಗಬ್ಬರ್‌ನ ಮಾತುಗಳನ್ನು ಇವತ್ತಿಗೂ ನಮ್ಮ ಕ್ಯಾಂಟೀನಿನಲ್ಲಿ ಕೇಳಬಹುದು. ಇಫ್ತೆಖಾರ್ ಇದರಲ್ಲಿ ಇದ್ದಾರೆ ಎಂದರೆ ಮಾತ್ರ ಸ್ನೇಹಿತರು ಹೌದಾ ಎಂದು ಕೇಳುತ್ತಾರೆ. ಇದ್ದಾರೆ. ಜಯಾ ಭಾದುರಿ ಮಾಡಿದ ರಾಧಾಳ ತಂದೆಯಾಗಿ. ವಿಧವೆಯಾದ ಸೊಸೆಗೆ ಮತ್ತೆ ಮದುವೆ ಮಾಡಬೇಕೆಂದು ಠಾಕೂರ್ ಅವಳ ತಂದೆಯನ್ನು ಕೇಳಲು ಬರುತ್ತಾನೆ. ತಂದೆಗೆ ಜನ ಏನೆನ್ನುತ್ತಾರೋ ಎಂಬ ಅಂಜಿಕೆ. ಮಗಳ ಬದುಕು ಒಂದು ಕಡೆ, ಬಿರಾದರಿಯ ಬಾಯಿ ಇನ್ನೊಂದು ಕಡೆ. ಗುಂಡಿನ ಸದ್ದೇ ತುಂಬಿದ ಚಿತ್ರದಲ್ಲಿ ಇಬ್ಬರು ವಯಸ್ಸಾದವರು ಕುಳಿತು ಮೆತ್ತಗೆ ಮಾತಾಡುವ ಈ ದೃಶ್ಯ ಬಂದಾಗ ನಮ್ಮ ದಾದಿ ಯಾರಿಗೂ ಮಾತಾಡಲು ಬಿಡುವುದಿಲ್ಲ.

ಆ ಹೊತ್ತಿಗೆ ಹಾಲಿವುಡ್‌ನಲ್ಲಿ ದುರಂತದ ಚಿತ್ರಗಳ ಕಾಲ. ಉರಿಯುವ ಕಟ್ಟಡ, ಮುಳುಗುವ ಹಡಗು, ಅಪಾಯಕ್ಕೆ ಸಿಕ್ಕ ವಿಮಾನ. ಆ ಗಾಳಿ ಬೊಂಬಾಯಿಗೂ ಬೀಸಿತು. ಯಶ್ ಚೋಪ್ರಾ ಅವರ ‘ಕಾಲಾ ಪತ್ಥರ್’ (1979) ಬಂದದ್ದು ಆಗಲೇ, ಆದರೆ ಅದರ ಹಿಂದೆ ನಡೆದ ಸಂಗತಿಯೇ ಇತ್ತು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಸ್ನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತಿದ್ದರು. ಚಿತ್ರದ ನಾಯಕ ಹಿಂದೆ ಹಡಗಿನ ಕ್ಯಾಪ್ಟನ್ ಆಗಿದ್ದವನು. ಬಿರುಗಾಳಿಯಲ್ಲಿ ಪ್ರಯಾಣಿಕರನ್ನು ಬಿಟ್ಟು ತಾನು ಪಾರಾಗಿ ಬಂದವನು. ಆ ಅವಮಾನದಿಂದ ಓಡಿ ಗಣಿಯ ಕೂಲಿಯಾಗಿದ್ದಾನೆ. ಇಫ್ತೆಖಾರ್ ಅವನ ತಂದೆ. ಇರುವುದು ಸ್ವಲ್ಪವೇ ಹೊತ್ತು. ಮಗ ಬದುಕಿ ಬಂದನಲ್ಲ ಎಂದು ಸಂತೋಷಪಡಬೇಕಾದ ತಂದೆ ಅವನ ಮುಖ ನೋಡಲಾರದೆ ತಿರುಗುತ್ತಾನೆ. ಆ ನಾಚಿಕೆ ನಮಗೆ ತಟ್ಟಿದರೆ ಮಾತ್ರ, ಮುಂದೆ ನಾಯಕ ನೀರು ತುಂಬಿದ ಗಣಿಯೊಳಕ್ಕೆ ಏಕೆ ಇಳಿಯುತ್ತಾನೆ ಎಂಬುದು ಅರ್ಥವಾಗುತ್ತದೆ.

‘ದ ಬರ್ನಿಂಗ್ ಟ್ರೇನ್’ (1980) ಪೂರಾ ದುರಂತದ ಚಿತ್ರ. ಬಿ. ಆರ್. ಚೋಪ್ರಾ ನಿರ್ಮಾಣ, ಅವರ ಮಗ ರವಿ ಚೋಪ್ರಾ ನಿರ್ದೇಶನ. ದಿಲ್ಲಿಯಿಂದ ಬೊಂಬಾಯಿಗೆ ಓಡುವ ಹೊಸ ವೇಗದ ರೈಲು ತನ್ನ ಮೊದಲ ಪ್ರಯಾಣದಲ್ಲೇ ಬೆಂಕಿ ಹತ್ತಿ, ಬ್ರೇಕ್ ಇಲ್ಲದೆ ಓಡುತ್ತದೆ. ಧರ್ಮೇಂದ್ರ, ವಿನೋದ್ ಖನ್ನಾ, ಜಿತೇಂದ್ರ, ಹೇಮಾ ಮಾಲಿನಿ ಎಂದು ತಾರೆಗಳ ಸಾಲೇ ಇದೆ. ಬಂದಾಗ ಹಾಕಿದ ದುಡ್ಡಿಗೆ ತಕ್ಕಂತೆ ಓಡಲಿಲ್ಲ. ಆಮೇಲೆ ಟಿವಿಯಲ್ಲಿ ಬಂದು ಬಂದು ಜನ ಮತ್ತೆ ಮತ್ತೆ ನೋಡುವ ಚಿತ್ರವಾಯಿತು. ಇಫ್ತೆಖಾರ್ ಇದರಲ್ಲಿ ರೈಲ್ವೆಯ ಹಿರಿಯ ಅಧಿಕಾರಿ. ಯಾರ ವಿನ್ಯಾಸದ ರೈಲು ಕಟ್ಟಬೇಕೆಂದು ಮಂಡಳಿ ತೀರ್ಮಾನಿಸುವುದು, ಸೋತವನ ಹೊಟ್ಟೆಕಿಚ್ಚಿನಿಂದ ಮುಂದಿನ ಅನಾಹುತವೆಲ್ಲ ಹುಟ್ಟುವುದು ಕಥೆ.

ಇಂಥ ಚಿತ್ರಗಳನ್ನು ನೋಡಿ ನೋಡಿ ನನಗೆ ಒಂದು ಗೊತ್ತಾಗಿದೆ. ಬೆಂಕಿಯ ಒಳಗೆ ಹೀರೊಗಳು ಹಾರುತ್ತಾರೆ, ಡ್ಯೂಪ್‌ಗಳು ಹಾರುತ್ತಾರೆ. ಹೊರಗೆ, ಮೇಜು, ಫೋನು, ನಕ್ಷೆಗಳ ನಡುವೆ ಒಬ್ಬ ನಂಬಿಕಸ್ಥ ಮನುಷ್ಯ ಬೇಕು. ಸೆಟ್ಟಿನಲ್ಲಿ ರೈಲು ಕೆಲವೊಮ್ಮೆ ಆಟದ ರೈಲೇ ಆಗಿರುತ್ತದೆ, ಗಮನಿಸಿ ನೋಡಿದರೆ ಕಾಣುತ್ತದೆ. ಆದರೆ ಕುರ್ಚಿಯಲ್ಲಿ ಕುಳಿತವರ ಮುಖ ಗಂಭೀರವಾಯಿತೆಂದರೆ ನಮಗೂ ಆಟದ ರೈಲು ನಿಜದ ರೈಲಾಗುತ್ತದೆ. ಈ ಕೆಲಸಕ್ಕೆ ಇಫ್ತೆಖಾರ್‌ಗಿಂತ ಒಳ್ಳೆಯವರು ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಜಗದೀಶ್ ರಾಜ್ ಅವರ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. 144 ಚಿತ್ರಗಳಲ್ಲಿ ಪೊಲೀಸ್ ಆಗಿ ಗಿನ್ನೆಸ್ ದಾಖಲೆಯೇ ಮಾಡಿದವರು ಅವರು. ಇರಲಿ, ಅದು ಸಂಖ್ಯೆಯ ಮಾತು.

‘ಡಾನ್’ ಚಿತ್ರವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಇದರ ಹಿಂದೆ ನಮ್ಮ ವಿಷಯಕ್ಕೆ ಸೇರಿದ ಕಥೆಯೂ ಇದೆ. ನಿರ್ಮಾಪಕ ನರಿಮನ್ ಇರಾನಿ ಹಿಂದಿನ ಚಿತ್ರ ಸೋತು ಸಾಲದಲ್ಲಿ ಮುಳುಗಿದ್ದರು. ಆ ಸಾಲ ತೀರಿಸಲೆಂದೇ ಸ್ನೇಹಿತರೆಲ್ಲ ಸೇರಿ ಈ ಚಿತ್ರಕ್ಕೆ ಕೈ ಹಾಕಿದರು. ಚಂದ್ರ ಬಾರೋಟ್ ನಿರ್ದೇಶಿಸಿದರು. ಚಿತ್ರ ಗೆದ್ದದ್ದನ್ನು ನೋಡಲು ಇರಾನಿ ಇರಲಿಲ್ಲ, ಬಿಡುಗಡೆಗೆ ಮುಂಚೆಯೇ ತೀರಿಕೊಂಡಿದ್ದರು.

ಕಥೆಯಲ್ಲಿ ಡಾನ್ ಸಾಯುವುದು ಡಿಸಿಲ್ವ ಒಬ್ಬನಿಗೇ ಗೊತ್ತು. ಅವನನ್ನು ಗುಟ್ಟಾಗಿ ಹೂಳಿ, ಅವನಂತೆಯೇ ಕಾಣುವ ಬಡ ಹಾಡುಗಾರ ವಿಜಯ್‌ನನ್ನು ಹುಡುಕಿ, ಡಾನ್ ಆಗಿ ಗ್ಯಾಂಗಿನೊಳಗೆ ಕಳಿಸುತ್ತಾನೆ. ಪ್ರತಿಯಾಗಿ ವಿಜಯ್ ಸಾಕುತ್ತಿರುವ ಇಬ್ಬರು ಮಕ್ಕಳ ಓದಿನ ಜವಾಬ್ದಾರಿ ಡಿಸಿಲ್ವನದು. ಲಿಖಿತ ಕರಾರು ಇಲ್ಲ, ಸಾಕ್ಷಿ ಇಲ್ಲ. ನಮ್ಮ ಬಿಸಿನೆಸ್ ಸ್ಟಡೀಸ್ ಪಾಠದ ಪ್ರಕಾರ ಇದಕ್ಕಿಂತ ಅಪಾಯದ ವ್ಯವಹಾರ ಇನ್ನೊಂದಿಲ್ಲ. ಆದರೂ ವಿಜಯ್ ಒಪ್ಪುತ್ತಾನೆ, ನಾವೂ ಒಪ್ಪುತ್ತೇವೆ, ಏಕೆಂದರೆ ಮಾತು ಕೊಟ್ಟವರು ಇಫ್ತೆಖಾರ್. ಆಮೇಲೆ ಪೊಲೀಸ್ ದಾಳಿಯಲ್ಲಿ ಡಿಸಿಲ್ವ ಸಾಯುತ್ತಾನೆ. ವಿಜಯ್ ಯಾರೆಂದು ಬಲ್ಲ ಏಕೈಕ ವ್ಯಕ್ತಿ ಹೋದ. ನಾನು ಡಾನ್ ಅಲ್ಲ ಎಂದರೆ ಪೊಲೀಸರು ನಂಬುವುದಿಲ್ಲ, ಡಾನ್ ಎಂದರೆ ಗ್ಯಾಂಗಿನವರು ನಂಬುವುದಿಲ್ಲ. ಚಿತ್ರದ ಉಳಿದ ಭಾಗವೆಲ್ಲ ಓಡುವುದು ಆ ಖಾಲಿ ಕುರ್ಚಿಯ ಮೇಲೆ.

2006ರಲ್ಲಿ ಶಾರೂಖ್ ಖಾನ್ ಅವರ ಹೊಸ ‘ಡಾನ್’ ಬಂದಾಗ ಡಿಸಿಲ್ವ ಪಾತ್ರವನ್ನೇ ಬದಲಾಯಿಸಿದರು. ಅದರಲ್ಲಿ ಡಿಸಿಲ್ವನೇ ಮೋಸಗಾರ. ಬೊಮನ್ ಇರಾನಿ ಚೆನ್ನಾಗಿಯೇ ಮಾಡಿದ್ದಾರೆ, ತಿರುವೂ ಚೆನ್ನಾಗಿದೆ. ಆದರೆ ಆ ತಿರುವು ಕೆಲಸ ಮಾಡುವುದೇ ಇಫ್ತೆಖಾರ್ ಗಳಿಸಿಟ್ಟ ನಂಬಿಕೆಯ ಮೇಲೆ. ನನ್ನ ತಮ್ಮ ಹೊಸದನ್ನು ಮೊದಲು ನೋಡಿ, ಆಮೇಲೆ ಹಳೆಯದನ್ನು ನೋಡಲು ಕುಳಿತಾಗ ಡಿಸಿಲ್ವ ಸಾಯುವವರೆಗೂ ಅವನ ಮೇಲೆ ಅನುಮಾನಪಡುತ್ತಲೇ ಇದ್ದ. ಸತ್ತ ಮೇಲೆ ಪಾಪ ಅಂದ.

1980ರ ದಶಕದಲ್ಲಿ ನ್ಯಾಯಾಧೀಶ, ಡಾಕ್ಟರ್, ತಾತ, ಮತ್ತೆ ಕಮಿಷನರ್, ಹೀಗೆ ಪಾತ್ರಗಳು ಬರುತ್ತಲೇ ಇದ್ದವು. ಅವುಗಳಲ್ಲಿ ಎಷ್ಟೋ ನೆನಪಿಡುವಂಥವಲ್ಲ, ಚಿತ್ರಗಳೂ ಅಷ್ಟಕ್ಕಷ್ಟೆ. 1992ರಲ್ಲಿ ಬಂದ ಇಂಗ್ಲಿಷ್ ಚಿತ್ರ ‘ಸಿಟಿ ಆಫ್ ಜಾಯ್’ನಲ್ಲೂ ಒಂದು ಚಿಕ್ಕ ಪಾತ್ರ ಮಾಡಿದರು. ಅದರ ಕಥೆ ನಡೆಯುವುದು ಕಲ್ಕತ್ತೆಯಲ್ಲಿ. ಹಾಡಲು ಹೋಗಿ ನಟನಾದ ಊರು, ಮದುವೆಯಾದ ಊರು, ಬಿಟ್ಟು ಬರಬೇಕಾದ ಊರು ಅದು.

1995ರ ಫೆಬ್ರವರಿಯಲ್ಲಿ ಅವರ ಮಗಳೊಬ್ಬಳು ಕ್ಯಾನ್ಸರಿನಿಂದ ತೀರಿಕೊಂಡಳು. ತಿಂಗಳು ತುಂಬುವ ಮೊದಲೇ, ಮಾರ್ಚ್‌ನಲ್ಲಿ, ತಂದೆಯೂ ಹೋದರು. ಅವರಿಂದ ಬಣ್ಣ ಹಿಡಿಯುವುದನ್ನು ಕಲಿತ ಅಶೋಕ್ ಕುಮಾರ್ ಆಮೇಲೆ ಆರು ವರ್ಷಕ್ಕೂ ಹೆಚ್ಚು ಕಾಲ ಇದ್ದರು.